ಗುರುವಾರದ ಮನೆ

ಬದರೀನಾಥ ಅವರು ನನ್ನನ್ನು ಮೊದಲ ಸಲ ನೋಡಿದಾಗ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ನೀನು ಎಡಗೈಲಿ ಬರೀತೀಯೇನಮ್ಮ?" ಅಂತ ಕೇಳಿದರು.

೧೯೭೪ರ ಗಣೇಶನ ಹಬ್ಬ. ನಾನು ಬೆಂಗಳೂರಿನ ಚಾಮರಾಜಪೇಟೆ ಬಿಟ್ಟು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್. ಮಾಡುತ್ತೇನೆಂದು ನ್ಯೂಜೆರ್ಸಿಯ ಪಿಸ್ಕಾಟವೇಗೆ ಬಂದು ಮೂರು ವಾರವಾಗಿತ್ತು. ಅವರ ಮನೆಗೆ ಕನ್ನಡದ ವಿದ್ಯಾರ್ಥಿಗಳನ್ನೆಲ್ಲ ಊಟಕ್ಕೆ ಕರೆದಿದ್ದರು. ಎಡಗೈಲಿ ಬರೆಯೋದಿಲ್ಲ ಅಂದೆ. ಅಪ್ಪ ರೈಲ್ವೆಯಲ್ಲಿದ್ದರಾ ಅಂದರು. ಸ್ಕೂಲ್ ಮೇಷ್ಟ್ರು, ಈಗ ರಿಟೈರ್ ಆಗಿದ್ದಾರೆ ಅಂದೆ. ಸಿಗರೇಟು ಸೇದುತ್ತೀಯಾ ಅಂದರು. ಪಾಯಸದ ಬಟ್ಟಲು ಹಿಡಿದುಕೊಂಡು ನಿಂತ ಹುಡುಗಿಗೆ ಕೇಳುವ ಪ್ರಶ್ನೆಯೇ ಇದು? ನನಗೆ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಕೋಪ. "ಇಲ್ಲ. ನೀವು?" ಅಂದುಬಿಟ್ಟೆ. ಅವರು ನಕ್ಕು, ಆಮೇಲಷ್ಟೇ ನನ್ನ ಹೆಸರು ಕೇಳಿ, ಜೇಬಿನಿಂದ ಪೆನ್ನು ತೆಗೆದು, ಕೈಯಲ್ಲಿದ್ದ ರಟ್ಟಿನ ಮೇಲೆ 'ರಾಜಿ, ಸೇದುವುದಿಲ್ಲ' ಎಂದು ಬರೆದುಕೊಂಡರು.

ಆ ರಟ್ಟಿನ ಕಥೆ ಆಮೇಲೆ ತಿಳಿಯಿತು. ಷರ್ಟುಗಳನ್ನು ಲಾಂಡ್ರಿಗೆ ಕೊಟ್ಟರೆ ಮಡಿಕೆ ಕೆಡದ ಹಾಗೆ ಒಳಗೊಂದು ಬಿಳಿ ರಟ್ಟು ಇಟ್ಟು ಕೊಡುತ್ತಿದ್ದರಲ್ಲ, ಅದು. ಬದರಿ ಅಂಕಲ್ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಮಿಸ್ಟು. ವಾರಕ್ಕೆ ಐದು ಷರ್ಟು, ಐದು ರಟ್ಟು. ಒಂದೊಂದು ರಟ್ಟಿಗೆ ಒಂದೊಂದು ಸ್ಕಾಲರ್‌ಶಿಪ್ಪು: ಯಾರು ಕೊಡುತ್ತಾರೆ, ಯಾರಿಗೆ ಕೊಡುತ್ತಾರೆ, ಕೊನೇ ದಿನಾಂಕ ಯಾವುದು. ಅವರ ಡಾಜ್ ಕಾರಿನ ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರುವ ಹಾಗಿರಲಿಲ್ಲ, ಬರೀ ರಟ್ಟು. ಹುಡುಗರು ಅವರಿಗೆ ರಟ್ಟು ಬದರಿ ಅಂತಲೇ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಶನಿವಾರ ಬೆಳಗ್ಗೆ ಎಲ್ಲರೂ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತೆ ಅಂತ ಕಾರು ಓಡಿಸಿಕೊಂಡು ಹೋದರೆ, ಇವರು ನ್ಯೂ ಬ್ರನ್ಸ್‌ವಿಕ್‌ನ ಲೈಬ್ರರಿಯಲ್ಲಿ ಕೂತು ಸಣ್ಣ ಊರುಗಳ ಪೇಪರುಗಳಲ್ಲಿ ಸತ್ತವರ ಪುಟ ಓದುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, ಈ ದೇಶದವರಿಗೆ ಶ್ರಾದ್ಧ ಅಂದರೆ ಸ್ಕಾಲರ್‌ಶಿಪ್ಪು, ನಾವು ಎಳ್ಳು ನೀರು ಬಿಡುತ್ತೇವೆ, ಇವರು ಸತ್ತವರ ಹೆಸರಿನಲ್ಲಿ ಒಂದು ಮಗೂಗೆ ಫೀಸು ಕಟ್ಟುತ್ತಾರೆ ಎಂದರು. ಸತ್ತವರಿಗೆ ಒಂದೊಂದು ಹುಚ್ಚು ಇರುತ್ತಿತ್ತು. ಒಬ್ಬರು ಎಡಗೈಯವರಿಗೇ ಕೊಡಬೇಕು ಅಂತ ಬರೆದಿಟ್ಟು ಹೋಗಿರುತ್ತಿದ್ದರು, ಇನ್ನೊಬ್ಬರು ರೈಲ್ವೆಯವರ ಮಕ್ಕಳಿಗೆ, ಮತ್ತೊಬ್ಬರು ಸಿಗರೇಟು ಮುಟ್ಟದ ಹೆಣ್ಣುಮಗಳಿಗೆ. ಸುಬ್ಬು ಅಂತ ಒಬ್ಬ ಹುಡುಗ, ಐದಡಿ ಮೂರಂಗುಲ. ಅವನಿಗೆ ಕುಳ್ಳರ ಸ್ಕಾಲರ್‌ಶಿಪ್ಪು ಹುಡುಕಿ ಸೋತು, ಕೊನೆಗೆ ಅವನು ಪಿಟೀಲು ನುಡಿಸುತ್ತಾನೆಂದು ತಿಳಿದು ಚರ್ಚೊಂದರಿಂದ ಪುಸ್ತಕದ ಖರ್ಚು ಕೊಡಿಸಿದರು. ಅವನ ಪಿಟೀಲು ಕೇಳಿದ ನಾವ್ಯಾರೂ ಆ ಚರ್ಚಿನವರಿಗೆ ಏನೂ ಹೇಳಲಿಲ್ಲ.

ಅವರ ಹೆಂಡತಿ ಪ್ರಭಾ ಆಂಟಿ ಬೇರೆಯದೇ ಮಣ್ಣಿನವರು. ಮೈಸೂರಿನ ಮಡಿವಂತ ಮನೆಯ ಮಗಳು. ಹೊರಗೆ ಎಲ್ಲೂ ಬೇಯಿಸಿದ್ದು ತಿನ್ನುತ್ತಿರಲಿಲ್ಲ. ಬ್ರೆಡ್ಡಿನ ಲೇಬಲ್ಲನ್ನೂ ಅರ್ಧ ಗಂಟೆ ಓದಿ ತರುತ್ತಿದ್ದರು. ಗುರುವಾರ ರಾಯರ ವಾರ ಅಂತ ಒಪ್ಪತ್ತು, ಇಡೀ ದಿನಕ್ಕೆ ಒಂದೇ ಊಟ, ಅದೂ ತಾವೇ ಮಾಡಿದ್ದು. ಅಲ್ಲಿದ್ದ ಏಳೆಂಟು ಕನ್ನಡದ ಮನೆಗಳಲ್ಲಿ ಡಾಕ್ಟರ್ ಸಲ್ಮಾ ಅವರದೂ ಒಂದು. ಶಿವಮೊಗ್ಗದವರು, ಮಕ್ಕಳ ಡಾಕ್ಟರು, ನಮ್ಮೆಲ್ಲರಿಗಿಂತ ಒಳ್ಳೆಯ ಕನ್ನಡ ಆಡುತ್ತಿದ್ದರು. ಅವರ ಮನೆಗೆ ಹೋದರೆ ಪ್ರಭಾ ಆಂಟಿ ಬಾಯಿ ತುಂಬ ಮಾತಾಡುತ್ತಿದ್ದರು, ಆದರೆ ಬಾಳೆಹಣ್ಣು ಬಿಟ್ಟು ಇನ್ನೇನೂ ಬಾಯಿಗೆ ಹಾಕುತ್ತಿರಲಿಲ್ಲ. ಸಲ್ಮಾ ಅದನ್ನು ತಿಳಿದು, ಆಂಟಿ ಬಂದ ಕೂಡಲೇ ಹಣ್ಣಿನ ತಟ್ಟೆ ತಂದು ಮುಂದಿಡುತ್ತಿದ್ದರು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಮಾರ್ಚಿನಲ್ಲಿ ನನಗೆ ಡಿಪಾರ್ಟ್‌ಮೆಂಟಿನಿಂದ ಕಾಗದ ಬಂತು. ಬಜೆಟ್ ಕಟ್ ಆಗಿದೆ, ಬರುವ ವರ್ಷ ನಿನ್ನ ಅಸಿಸ್ಟೆಂಟ್‌ಶಿಪ್ ಇರುವುದಿಲ್ಲ, ಫೀಸು ನೀನೇ ಕಟ್ಟಬೇಕು ಅಂತ. ಕ್ಯಾಂಪಸ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸವೊಂದಿತ್ತು. ಅದರ ಸಂಬಳದಲ್ಲಿ ಫೀಸು ಕಟ್ಟಬಹುದು, ಇಲ್ಲವೇ ಊಟ ಬಾಡಿಗೆ ನೋಡಿಕೊಳ್ಳಬಹುದು, ಎರಡೂ ಆಗುವುದಿಲ್ಲ. ಹೊರಗೆ ಕೆಲಸ ಮಾಡಲು ವೀಸಾ ಬಿಡುವುದಿಲ್ಲ. ಸೆಪ್ಟೆಂಬರಿಗೆ ಫೀಸು ಕಟ್ಟದಿದ್ದರೆ ವೀಸಾನೂ ಹೋಯಿತು, ಅರ್ಧ ಡಿಗ್ರಿ ಕಂಕುಳಲ್ಲಿಟ್ಟುಕೊಂಡು ಚಾಮರಾಜಪೇಟೆ. ಅಪ್ಪನ ರಿಟೈರ್‌ಮೆಂಟ್ ಹಣ ನನ್ನ ವಿಮಾನದ ಟಿಕೆಟ್ಟಿಗೇ ಹೋಗಿತ್ತು. ಅವರಿಗೆ ಬರೆಯಲು ನನಗೆ ಧೈರ್ಯವಾಗಲಿಲ್ಲ.

ಬದರಿ ಅಂಕಲ್ ಕಾಗದ ಓದಿದರು, ಕಾರಿನ ಹತ್ತಿರ ಹೋದರು, ಒಂದು ರಟ್ಟು ಹಿಡಿದುಕೊಂಡು ಬಂದರು. ಹಳದಿ ತಿರುಗಿದ ರಟ್ಟು. ಅವರ ಮುಖ ಮಾತ್ರ ಮದುಮಗನ ಹಾಗಿತ್ತು.

ಮಾನ್ಮತ್ ಜಂಕ್ಷನ್ ಕಡೆ ಸೇಬಿನ ತೋಟವಿದ್ದ ಮುದುಕಿಯೊಬ್ಬಳು ಸಾಯುವಾಗ ಬರೆದಿಟ್ಟ ನಿಧಿ ಅದು. ಹುಟ್ಟಿದಾಗಿನಿಂದ ಮಾಂಸ, ಮೀನು ತಿನ್ನದ ವಿದ್ಯಾರ್ಥಿಗೆ ಒಂದು ವರ್ಷದ ಪೂರ್ತಿ ಫೀಸು. ಅಮೆರಿಕದಲ್ಲಿ ಅಂಥವರು ಎಲ್ಲಿ ಸಿಗಬೇಕು? ಹನ್ನೊಂದು ವರ್ಷ ಒಂದೇ ಒಂದು ಅರ್ಜಿ ಬಂದಿರಲಿಲ್ಲವಂತೆ. ಅಂಕಲ್ ಅದನ್ನು ಪತ್ತೆ ಮಾಡಿದ ಮೇಲೆ ನಮ್ಮವರೇ ನಾಲ್ಕು ಜನ ಸಾಲಾಗಿ ತೆಗೆದುಕೊಂಡಿದ್ದರು. ಅರ್ಜಿ ಹಾಕುವವರು ಪ್ರಮಾಣ ಮಾಡಿ ಸಹಿ ಹಾಕಬೇಕು, ಅವರ ಸಮಾಜದ ಹಿರಿಯರೊಬ್ಬರು ಹೌದು ಎಂದು ಕಾಗದ ಕೊಡಬೇಕು. ನಾಲ್ಕು ಸಲವೂ ಆ ಹಿರಿಯರು ಬದರೀನಾಥ ಅವರೇ. ನಿಧಿ ನೋಡಿಕೊಳ್ಳುತ್ತಿದ್ದ ಮುದುಕಿಯ ಇಬ್ಬರು ಸೊಸೆಯಂದಿರು, ಅಂದರೆ ತಮ್ಮನ ಹೆಣ್ಣುಮಕ್ಕಳು, ಇವರ ಮಾತಿನ ಮೇಲೆಯೇ ಚೆಕ್ ಬರೆಯುತ್ತಿದ್ದರು. ಕೊಡುವ ಮುಂಚೆ ಒಂದು ಸಲ ಅರ್ಜಿ ಹಾಕಿದವರನ್ನೂ ಅಂಕಲ್ ಅವರನ್ನೂ ಊಟಕ್ಕೆ ಕರೆಯುತ್ತಿದ್ದರು, ಅಷ್ಟೇ.

"ನಿಂಗೆ ಹೇಳಿ ಮಾಡಿಸಿದ ಹಾಗಿದೆ ಕಣಮ್ಮ," ಎಂದರು ಅಂಕಲ್.

ಹೇಳಿಬಿಡುತ್ತೇನೆ, ಇಷ್ಟು ವರ್ಷವಾದ ಮೇಲೆ ನಾಚಿಕೆ ಏನು. ಆ ಜನವರಿಯಲ್ಲಿ ಎರಡು ದಿನ ಹಿಮ ಬಿದ್ದು ಎಲ್ಲ ಮುಚ್ಚಿತ್ತು, ನನ್ನ ರೂಮಿನಲ್ಲಿ ಅಕ್ಕಿ ಮುಗಿದಿತ್ತು, ಹಾಸ್ಟೆಲ್ಲಿನ ಕೆಳಗಿನ ಅಂಗಡಿಯಲ್ಲಿ ಹ್ಯಾಂಬರ್ಗರ್ ಒಂದೇ ಇತ್ತು. ತಿಂದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ತಿಂದೆ. ಹಸಿವಿಗೆ ತಿಂದಳು ಪಾಪ ಅಂತ ನೀವು ಕ್ಷಮಿಸಬಹುದು. ಅದು ಮೊದಲ ಸಲದ್ದು. ಎರಡನೇ ಸಲ, ಮೂರನೇ ಸಲ ಹಿಮ ಇರಲಿಲ್ಲ, ರುಚಿಗೇ ತಿಂದೆ.

ಆದರೂ ಅಂಕಲ್ ಮನೆಯ ಊಟದ ಮೇಜಿನ ಮುಂದೆ ಕೂತು ಅರ್ಜಿಗೆ ಸಹಿ ಹಾಕಿದೆ. ಪ್ರಭಾ ಆಂಟಿ ಕಾಫಿ ತಂದಿಟ್ಟು, ನಮ್ಮ ರಾಜಿಯಂಥ ಹುಡುಗಿ ಆ ಮುದುಕಿಯರಿಗೆ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕೈಯಿಂದ ಬಾಯಿ ಒರೆಸಿಕೊಂಡೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಆರು ವಾರ ತಳ್ಳಿದೆ. ಮೇ ಕೊನೆಯ ಶನಿವಾರ, ಊಟದ ದಿನ ಬಂದೇ ಬಿಟ್ಟಿತು.

ರೂಟ್ ಒನ್ ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಅಂಕಲ್ ಸೂಟು ಹಾಕಿದ್ದರು. ಕೋಟಿನ ಒಳಜೇಬಿನಲ್ಲಿ ಅವರ ಕಾಗದ. 'ನನ್ನ ಸ್ವಂತ ಮಗಳ ಬಗ್ಗೆ ಹೇಳುವಷ್ಟೇ ಖಚಿತವಾಗಿ ಹೇಳುತ್ತೇನೆ' ಎಂದು ಅದರಲ್ಲಿ ಬರೆದಿದ್ದೇನೆ ಅಂತ ದಾರಿಯಲ್ಲಿ ಹೇಳಿದರು. ಅವರಿಗೆ ಮಕ್ಕಳಿರಲಿಲ್ಲ. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

"ಅಂಕಲ್, ಕಾರ್ ನಿಲ್ಸಿ. ನಾನು ತಿಂದಿದೀನಿ."

ರಸ್ತೆ ಪಕ್ಕದಲ್ಲಿ ಒಂದು ಸ್ಟ್ರಾಬೆರಿ ಅಂಗಡಿಯ ಮುಂದೆ ನಿಲ್ಲಿಸಿದರು. ನಾನು ಎಲ್ಲ ಹೇಳಿದೆ, ರುಚಿಯ ವಿಷಯವನ್ನೂ ಬಿಡದೆ. ಅವರು ಇಳಿದು ಹೋಗಿ, ಒಂದು ಬುಟ್ಟಿ ಸ್ಟ್ರಾಬೆರಿ ತಂದು, ಮತ್ತೆ ಸೀಟಿನಲ್ಲಿ ಕೂತರು. ಬೈಯುತ್ತಾರೆ ಅಂತ ನಾನು ಕಾದೆ.

"ನಾನು ಮೈಸೂರಲ್ಲಿ ವಾರಾನ್ನ ಉಂಡು ಓದಿದೋನು, ಗೊತ್ತಾ ನಿಂಗೆ?" ಎಂದರು.

ಗೊತ್ತಿರಲಿಲ್ಲ. ವಾರಾನ್ನ ಗೊತ್ತಿತ್ತು. ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಹೀಗೆ ವಾರಕ್ಕೆ ಏಳು ಮನೆ ಹಿಡಿದು, ಉಂಡು ಓದುತ್ತಿದ್ದ ಕಾಲವನ್ನು ನಮ್ಮ ಅಪ್ಪನೂ ಹೇಳುತ್ತಿದ್ದರು.

"ನಂಗೆ ಆರೇ ಮನೆ ಸಿಕ್ಕಿದ್ದು. ಗುರುವಾರ ಸಿಗಲಿಲ್ಲ. ರಾಯರ ವಾರ ನೋಡು, ಒಪ್ಪತ್ತು ಇರೋ ಮನೇಲಿ ವಾರದ ಹುಡುಗನಿಗೆ ಅಂತ ಯಾರು ಒಲೆ ಹಚ್ತಾರೆ? ಗುರುವಾರ ನಲ್ಲಿ ನೀರು ಕುಡಿದು ಕ್ಲಾಸಿಗೆ ಹೋಗ್ತಿದ್ದೆ. ಗೌಸ್ ಅಂತ ಒಬ್ಬ ಇದ್ದ, ಮಂಡಿ ಮೊಹಲ್ಲಾದೋನು. ಅದನ್ನ ನೋಡಿ, ಮನೆಗೆ ಎಳ್ಕೊಂಡು ಹೋದ. ಅವರಮ್ಮ ನನಗೋಸ್ಕರ ಹೊಸ ಮಡಕೆ ತಂದು, ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಅನ್ನ ತಿಳಿಸಾರು ಮಾಡಿ ಹಾಕಿದ್ರು. ನಾಲ್ಕು ಗುರುವಾರ ಉಂಡೆ. ಆ ಮನೇಲಿ ಸೌದೆಗೇ ಕಷ್ಟ ರಾಜಿ. ಎರಡು ಒಲೆ ಉರೀತಿತ್ತು, ನನ್ನ ಮಡಿಗೋಸ್ಕರ. ಐದನೇ ಗುರುವಾರ ನಾನೇ ಹೇಳ್ದೆ, ಅಮ್ಮೀ, ನೀವೆಲ್ಲ ಏನು ಉಣ್ತೀರೋ ಅದನ್ನೇ ಹಾಕಿ ಅಂತ. ಬೇಡಪ್ಪ, ನಾಳೆ ನಿಮ್ಮ ತಾಯಿಗೆ ನಾನು ಏನು ಹೇಳ್ಲಿ ಅಂದ್ರು. ನಾನು ಹಠ ಹಿಡಿದೆ. ಮೂರು ವರ್ಷ ಉಂಡಿದೀನಿ."

ಪ್ರಭಾ ಆಂಟಿಗೆ ಗೊತ್ತಾ ಅಂತ ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು. ಮದುವೆಯಾಗಿ ಹದಿನಾರು ವರ್ಷ, ಒಂದು ಸಲವೂ ಬಾಯಿಗೆ ಬರಲಿಲ್ಲ ಎಂದರು. ಓದು ಮುಗಿಸಿ ಮೈಸೂರು ಬಿಟ್ಟಾಗ ಗೌಸ್‌ನ ತಾಯಿಗೆ ಹೇಳಿ ಬಂದರಂತೆ, ನನ್ನಂಥವರಿಗೆ ನಾನೂ ಒಂದು ಗುರುವಾರ ಆಗುತ್ತೇನೆ ಅಂತ. ಶನಿವಾರದ ಲೈಬ್ರರಿ, ಸತ್ತವರ ಪುಟ, ರಟ್ಟು, ಎಲ್ಲ ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಅರ್ಥವಾದದ್ದರ ಜೊತೆಗೆ ಆಸೆಯೂ ಹುಟ್ಟಿತು. ಇಷ್ಟು ಹೇಳಿಕೊಂಡವರು ಕಾಗದ ಕೊಟ್ಟೇ ಕೊಡುತ್ತಾರೆ, ಇಬ್ಬರದೂ ಗುಟ್ಟು ಇಬ್ಬರಲ್ಲೇ ಇರುತ್ತದೆ ಎಂದುಕೊಂಡೆ. ಅವರು ಒಳಜೇಬಿನಿಂದ ಕಾಗದ ತೆಗೆದು, ನಾಲ್ಕು ಮಡಿಕೆ ಮಾಡಿ, ಗ್ಲೌವ್ ಬಾಕ್ಸಿನಲ್ಲಿ ಹಾಕಿ ಮುಚ್ಚಿದರು.

"ನೀನು ಉಂಡಿದ್ದು ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಆದ್ರೆ ಉಂಡಿಲ್ಲ ಅಂತ ಸೈನ್ ಮಾಡೋಕಾಗಲ್ಲ ಕಣಮ್ಮ."

ನನಗೆ ಮೈಯೆಲ್ಲ ಉರಿಯಿತು. ನಿಮ್ಮದು ಮಾತ್ರ ಮುಚ್ಚಿಟ್ಟುಕೊಳ್ಳಬಹುದು, ನನ್ನದಾಗದೋ ಅಂದೆ. ಸುಮ್ಮನಿದ್ದಿದ್ದರೆ ಫೀಸು ಕೈಯಲ್ಲಿರುತ್ತಿತ್ತು, ನಿಮ್ಮನ್ನು ನಂಬಿ ಬಾಯಿಬಿಟ್ಟದ್ದೇ ನನ್ನ ತಪ್ಪು ಅಂದೆ. ಹೇಳುತ್ತಲೇ ಅತ್ತುಬಿಟ್ಟೆ. ಕಾರು ತಿರುಗಿಸಿ, ರೂಮಿಗೆ ಬಿಟ್ಟುಬಿಡಿ ಅಂದೆ. ಅವರು ಎಲ್ಲ ಕೇಳಿಸಿಕೊಂಡು, ಊಟಕ್ಕೆ ಬರುತ್ತೇವೆಂದು ಹೇಳಿದ ಮೇಲೆ ಹೋಗದೆ ಇರುವ ಹಾಗಿಲ್ಲ, ಎಲೆ ಹಾಕಿ ಕಾಯುತ್ತಿರುತ್ತಾರೆ ಎಂದು ಕಾರು ಹೊರಡಿಸಿದರು.

ಆ ಅಕ್ಕತಂಗಿಯರಿಗೆ ಎಪ್ಪತ್ತು ದಾಟಿತ್ತು. ಬಾಗಿಲಲ್ಲೇ, ಸ್ಟ್ರಾಬೆರಿ ಕೊಟ್ಟು, ಅಂಕಲ್ ವಿಷಯ ಹೇಳಿಬಿಟ್ಟರು: ಈ ಹುಡುಗಿ ನಿಜ ಹೇಳಿದ್ದಾಳೆ, ನಾನು ಕಾಗದ ಕೊಡಲಾರೆ, ಊಟಕ್ಕೆ ಮಾತ್ರ ಬಂದಿದ್ದೇವೆ ಅಂತ. ದೊಡ್ಡವಳು ನನ್ನ ಕೈ ಹಿಡಿದುಕೊಂಡಳು. ತನಗಾದರೆ ಕೊಡಲು ಮನಸ್ಸಿದೆ, ಆದರೆ ಅತ್ತೆ ಬರೆದಿಟ್ಟದ್ದನ್ನು ತಿದ್ದುವ ಹಕ್ಕು ತನಗಿಲ್ಲ ಎಂದಳು. ಮರದ ಹೊಟ್ಟಿನ ಹಾಗಿದ್ದ ಕಡಲೆಬೀಜದ ಕೇಕೊಂದನ್ನು ನಾಲ್ಕು ಜನ ಕೂತು ತಿಂದೆವು. ನಾನು ಎರಡು ಸಲ ಹಾಕಿಸಿಕೊಂಡೆ. ನನ್ನ ಮರ್ಯಾದೆ ಹೋದರೂ ಹಸಿವು ಹೋಗಿರಲಿಲ್ಲ.

ವಾಪಸ್ ಬರುವಾಗ ಅಂಕಲ್ ಹಿಂದಿನ ಸೀಟಿನಿಂದ ಖಾಲಿ ರಟ್ಟೊಂದನ್ನು ಎಳೆದುಕೊಡು ಅಂದರು. ಸೋಮವಾರದಿಂದ ಭಾನುವಾರದವರೆಗೆ ಬರಿ ಅಂದರು. ಬರೆದೆ. ನಿನ್ನ ಲೈಬ್ರರಿ ಸಂಬಳ ಪೂರ್ತಿ ಫೀಸಿಗೆ ಹೋಗಲಿ, ಮಲಗಲು ನಮ್ಮ ಬೇಸ್‌ಮೆಂಟು ಇದೆ, ಊಟಕ್ಕೆ ಏಳು ಮನೆ ನಾನು ಹುಡುಕುತ್ತೇನೆ ಎಂದರು. ನಾನು ಮತ್ತೆ ಸಿಡಿದೆ. ಮನೆ ಮನೆ ತಿರುಗಿ ಭಿಕ್ಷೆ ಉಣ್ಣುವುದಕ್ಕೆ ನಾನು ಅಮೆರಿಕಕ್ಕೆ ಬರಲಿಲ್ಲ ಅಂದೆ.

"ಸ್ಕಾಲರ್‌ಶಿಪ್ ಅಂದ್ರೆ ಏನಂದ್ಕೊಂಡಿದೀಯಾ? ಸತ್ತೋರು ಹಾಕೋ ವಾರಾನ್ನ," ಎಂದರು. "ಅದಕ್ಕೆ ಅಪ್ಲೈ ಮಾಡೋಕೆ ನಾಚಿಕೆ ಆಗಲಿಲ್ಲ. ಬದುಕಿರೋರು ಹಾಕಿದ್ರೆ ಯಾಕೆ?"

ನಾನು ಆ ರಟ್ಟನ್ನು ಹಿಂದಿನ ಸೀಟಿಗೆ ಎಸೆಯದೆ ಮಡಿಲಲ್ಲೇ ಇಟ್ಟುಕೊಂಡೆ.

ಅವತ್ತು ಸಂಜೆಯೇ ಅವರು ಪ್ರಭಾ ಆಂಟಿಗೆ ಎಲ್ಲ ಹೇಳಿದರಂತೆ, ನನ್ನದೂ, ತಮ್ಮದೂ. ಆಂಟಿ ಹತ್ತು ದಿನ ಗಂಡನ ಹತ್ತಿರ ಮಾತು ಬಿಟ್ಟರು. ನಾನು ಫೋನ್ ಮಾಡಿದರೆ ರಿಸೀವರ್ ಎತ್ತಿ, ಯಾರು ಅಂತ ಕೇಳಿ, ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಆ ಮನೆ ಒಡೆದವಳು ನಾನೇ ಎಂದು ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಊರಿಗೆ ಹೋಗುವುದೇ ವಾಸಿ ಎಂದು ಟ್ರಂಕಿನಿಂದ ಸ್ವೆಟರುಗಳನ್ನು ತೆಗೆದು, ಇವು ಬೆಂಗಳೂರಿಗೆ ಬೇಡ ಅಂತ ಬೇರೆ ಮಾಡಿಯೂ ಇಟ್ಟೆ.

ಹನ್ನೊಂದನೇ ದಿನ ಆಂಟಿಯೇ ಫೋನ್ ಮಾಡಿದರು. ದನಿಯಲ್ಲಿ ಬೆಲ್ಲವೂ ಇಲ್ಲ, ಬೇವೂ ಇಲ್ಲ. ಪಟ್ಟಿ ಬರೆದುಕೋ ಎಂದರು. ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ ಎಂದು ಓದುತ್ತ ಹೋದರು. ಶನಿವಾರ, ಭಾನುವಾರ ತಮ್ಮಲ್ಲೇ. ನನ್ನ ಅಡುಗೆಮನೆಯೊಳಗೆ ಮಾತ್ರ ಆ ಹಾಳು ಹ್ಯಾಂಬರ್ಗರ್ ಪೊಟ್ಟಣ ತರಬೇಡ ಅಂತ ಒಂದು ಎಚ್ಚರಿಕೆ ಕೊಟ್ಟರು. ಗುರುವಾರ ಬಿಟ್ಟುಹೋಗಿತ್ತು. ಗುರುವಾರ ನಾನು ಏನಾದರೂ ಮಾಡಿಕೊಳ್ಳುತ್ತೇನೆ ಬಿಡಿ ಆಂಟಿ ಅಂದೆ.

"ಗುರುವಾರ ಸಲ್ಮಾ ಮನೆ," ಎಂದರು. "ನಾನೇ ಫೋನ್ ಮಾಡಿ ಕೇಳ್ದೆ."

ಸೆಪ್ಟೆಂಬರಿನಲ್ಲಿ ಫೀಸು ಕಟ್ಟಿದೆ. ಮೊದಲ ಗುರುವಾರ ಅಂಕಲ್ ನನ್ನನ್ನು ಲೈಬ್ರರಿಯಿಂದ ಸಲ್ಮಾ ಅವರ ಅಪಾರ್ಟ್‌ಮೆಂಟಿಗೆ ಬಿಡಲು ಕಾರು ತಂದಾಗ, ಮುಂದಿನ ಸೀಟಿನಲ್ಲಿ ಪ್ರಭಾ ಆಂಟಿ ಕೂತಿದ್ದರು. ರಾಯರ ಪೂಜೆ ಮುಗಿಸಿ ಬಂದಿದ್ದರು, ಹಣೆಯ ಮೇಲಿನ ಅಕ್ಷತೆ ಹಾಗೇ ಇತ್ತು. ನಾನು ರಟ್ಟುಗಳ ಮಧ್ಯೆ ಜಾಗ ಮಾಡಿಕೊಂಡು ಕೂತೆ. ನನ್ನನ್ನು ಬಿಟ್ಟು ಇಬ್ಬರೂ ಹೊರಟುಹೋಗುತ್ತಾರೆ ಎಂದುಕೊಂಡಿದ್ದೆ. ಆಂಟಿ ಇಳಿದು, ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದರು.

ಸಲ್ಮಾ ಆಸ್ಪತ್ರೆಯಿಂದ ಆಗತಾನೇ ಬಂದಿದ್ದರು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಇನ್ನೂ ನೇತಾಡುತ್ತಿತ್ತು. ಒಲೆಯ ಮೇಲೆ ಒಂದೇ ಪಾತ್ರೆ, ಬೇಳೆ ಸಾರು ಕುದಿಯುತ್ತಿತ್ತು. ಆಂಟಿಯನ್ನು ನೋಡಿ, ಅಭ್ಯಾಸಬಲದಿಂದ ಒಳಗೆ ಹೋಗಿ ಬಾಳೆಹಣ್ಣಿನ ತಟ್ಟೆ ತಂದು ಮುಂದಿಟ್ಟರು.

ಪ್ರಭಾ ಆಂಟಿ ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಹಣ್ಣು ಆಮೇಲೆ ತಿಂತೀನಿ ಸಲ್ಮಾ. ಇವತ್ತು ನಂಗೆ ಒಪ್ಪತ್ತು, ಇರೋದು ಒಂದೇ ಊಟ. ಅನ್ನ ಬಡಿಸು," ಎಂದರು.

ಸಲ್ಮಾ ತಟ್ಟೆಗಳನ್ನು ಎಣಿಸಿ ತಂದರು, ನಾಲ್ಕು. ಬದರಿ ಅಂಕಲ್ ಬಾಗಿಲ ಹತ್ತಿರವೇ ನಿಂತಿದ್ದರು, ಒಂದು ಕಾಲಿನ ಷೂ ಬಿಚ್ಚಿತ್ತು, ಇನ್ನೊಂದು ಬಿಚ್ಚಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಆಂಟಿ ಹದಿನಾರು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಗಂಡನ ಕಡೆ ತಿರುಗಿದರು.

"ಏನ್ರೀ ನೋಡ್ತಾ ನಿಂತಿದೀರಿ? ಗುರುವಾರ ನಿಮಗೇನು ಹೊಸದಾ? ಬನ್ನಿ, ಕೂತ್ಕೊಳ್ಳಿ."

ಅವರು ಬಂದು ನನ್ನ ಪಕ್ಕದಲ್ಲಿ ಕೂತರು. ಸಲ್ಮಾ ಬಡಿಸಿದರು, ಎಲ್ಲರೂ ಉಂಡೆವು.